ಚೌಕಟ್ಟು ಹೊರಗಿನದು, ಹಾಡು ಯಾರದು? ಬಳ್ಳಾರಿ ಸೀಮೆಯ ರಂಗಗೀತೆ ಮತ್ತು ವಿಯೆನ್ನಾದ ಆಪೆರೆಟಾ

ಮಾತಾಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಹಾಡಿಗೆ ಏಳುವ ಬಳ್ಳಾರಿ ಸೀಮೆಯ ನಾಟಕಪದ್ಧತಿಯು ಪಾಶ್ಚಾತ್ಯ ಆಪೆರಾದಿಂದ ಬಂತೆಂಬ ಹೇಳಿಕೆ ನಮ್ಮ ರಂಗಬರಹಗಳಲ್ಲಿ ಕೈಯಿಂದ ಕೈಗೆ ದಾಟುತ್ತಲೇ ಇದೆ. ಅದಕ್ಕೆ ಕೊಡುವ ಆಧಾರಗಳು ಮೂರು. ಬೊಂಬಾಯಿಯಲ್ಲಿ ರಾಯಲ್ ಆಪೆರಾ ಹೌಸ್, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಇನ್ನೊಂದು ಆಪೆರಾ ಹೌಸ್ ಇದ್ದವು ಎಂಬುದು ಮೊದಲನೆಯದು. ಧರ್ಮವರಂ ರಾಮಕೃಷ್ಣಮಾಚಾರ್ಯರ ಬಳ್ಳಾರಿಯ ನಾಟಕತಂಡ ಸರಸ ವಿನೋದಿನಿ ಸಭೆ 1891ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಆಡಿ ಅಲ್ಲಿನ ವಿದ್ಯಾವಂತರನ್ನು ಬೆರಗುಗೊಳಿಸಿತು ಎಂಬುದು ಎರಡನೆಯದು. ಬಳ್ಳಾರಿಯ ವಕೀಲ ಕೋಲಾಚಲಂ ಶ್ರೀನಿವಾಸರಾಯರು 1908ರಷ್ಟು ಹಿಂದೆಯೇ ಜಗತ್ತಿನ ನಾಟಕದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು ಎಂಬುದು ಮೂರನೆಯದು. ಮೊದಲನೆಯದು ಪಂಚಾಂಗದ ಮುಂದೆಯೇ ಬಿದ್ದುಹೋಗುತ್ತದೆ. ಮೂರನೆಯದರಲ್ಲಿ ಓದಿದ್ದನ್ನೇ ನೋಡಿದ್ದೆಂದು ಎಣಿಸಿದ ಅವಸರವಿದೆ. ಎರಡನೆಯದು ಮಾತ್ರ ನಿಧಾನವಾಗಿ ವಿಚಾರಿಸಬೇಕಾದ ಸಾಕ್ಷ್ಯ.

ಮೊದಲ ಆಧಾರದ ಪಂಚಾಂಗವನ್ನೇ ಮೊದಲು ನೋಡೋಣ. ಸಂಗೀತಕಾರ ಫ್ರಾನ್ಸ್ ಲೆಹಾರ್‌ನ ‘ಮೆರಿ ವಿಡೋ’ ಆಪೆರೆಟಾ ಜರ್ಮನ್ ಭಾಷೆಯಲ್ಲಿ ವಿಯೆನ್ನಾದ ರಂಗವೇರಿದ್ದು 1905ರ ಡಿಸೆಂಬರಿನಲ್ಲಿ. ಅದರ ಇಂಗ್ಲಿಷ್ ರೂಪಾಂತರ ಲಂಡನ್ನಿನ ಡೇಲೀಸ್ ಥಿಯೇಟರಿಗೆ ಬಂದದ್ದು 1907ರ ಜೂನಿನಲ್ಲಿ. ಅಲ್ಲಿ ನಾಯಕಿ ಹಾನಾ ಸೋನಿಯಾ ಆದಳು, ಕಲ್ಪಿತ ದೇಶದ ಹೆಸರೂ ಬದಲಾಯಿತು. ಈ ಲಂಡನ್ ಸರಕನ್ನು ಹಡಗು, ರೈಲುಗಳಲ್ಲಿ ಪೂರ್ವದೇಶಗಳಿಗೆ ಹೊತ್ತು ತಂದವನು ರಂಗೋದ್ಯಮಿ ಮಾರಿಸ್ ಬ್ಯಾಂಡ್‌ಮನ್. 1908ರಲ್ಲಿ ಕಲ್ಕತ್ತೆಯಲ್ಲಿ ಎಂಪೈರ್ ಥಿಯೇಟರ್ ಎದ್ದುದು ಅವನ ಉದ್ಯಮದಿಂದಲೇ. ಜಹಾಂಗೀರ್ ಕರಾಕಾ ಜೊತೆಗೂಡಿ ಅವನು ಕಟ್ಟಿಸಿದ ರಾಯಲ್ ಆಪೆರಾ ಹೌಸನ್ನು ಐದನೆಯ ಜಾರ್ಜ್ ಉದ್ಘಾಟಿಸಿದ್ದು 1911ರಲ್ಲಿ. ಅಷ್ಟರಲ್ಲಿ ಸರಸ ವಿನೋದಿನಿ ಸಭೆ ಮದರಾಸಿನಲ್ಲಿ ಹಾಡಿ ಇಪ್ಪತ್ತು ವರ್ಷ ಸಂದಿತ್ತು. ಗಿಲ್ಬರ್ಟ್–ಸಲಿವನ್‌ರ ಇಂಗ್ಲಿಷ್ ಪ್ರಹಸನಗೀತಗಳು ಅದಕ್ಕೂ ಮೊದಲಿನವಲ್ಲವೇ ಎಂದು ಕೇಳಬಹುದು. ಹೌದು, ಮೊದಲಿನವೇ. ಆದರೆ ಅವಕ್ಕೂ ಮೊದಲು, 1853ರ ಲಖನೌದಲ್ಲಿ ಅಮಾನತ್ ಬರೆದ ‘ಇಂದ್ರಸಭಾ’ ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ. ಪಾರಸಿ ಕಂಪನಿಗಳು ಅದನ್ನು ಊರೂರಿಗೆ ಒಯ್ದವು. ಫ್ರೀಡ್ರಿಷ್ ರೋಸೆನ್ ಅದನ್ನು ಜರ್ಮನ್ ಭಾಷೆಗೆ ತಂದದ್ದು 1892ರಲ್ಲಿ. ಪಾಲ್ ಲಿಂಕೆ ಇಂದ್ರಲೋಕವನ್ನೇ ವಸ್ತುವಾಗಿಸಿಕೊಂಡ ಆಪೆರೆಟಾವನ್ನು ಬರ್ಲಿನ್ನಿನಲ್ಲಿ ಆಡಿಸಿದ್ದು 1899ರಲ್ಲಿ. ನಮ್ಮ ‘ಪ್ರಭಾವ’ವಾದಿಗಳ ತರ್ಕವನ್ನೇ ಹಿಡಿದರೆ ಬರ್ಲಿನ್ನೇ ಲಖನೌಗೆ ಸಾಲಗಾರ ಎನ್ನಬೇಕಾಗುತ್ತದೆ! ನಾನು ಹಾಗೆನ್ನಲಾರೆ. ಒಂದರ ಹಿಂದೊಂದು ಬಂದದ್ದರಿಂದಲೇ ಒಂದು ಇನ್ನೊಂದರ ಮಗುವಾಗುವುದಿಲ್ಲ, ಬಳ್ಳಾರಿಯಲ್ಲೂ ಅಷ್ಟೆ.

ಇನ್ನು 1891ರ ಸಂಗತಿ. ಅದಕ್ಕಿರುವ ಮುಖ್ಯ ಸಾಕ್ಷಿ ಪಮ್ಮಲ್ ಸಂಬಂಧ ಮುದಲಿಯಾರರ ತಮಿಳು ರಂಗನೆನಪುಗಳು. ಕನ್ನಡದ ಸಂಶೋಧಕರು ಇದನ್ನು ಹೆಸರಿಸುವುದುಂಟು, ತೆರೆದು ನೋಡುವುದು ಅಪರೂಪ. ಘಟನೆಯಾಗಿ ಸುಮಾರು ನಲವತ್ತು ವರ್ಷಗಳ ಮೇಲೆ ಬರೆದ ನೆನಪಾದ್ದರಿಂದ ಅದರ ವಿವರಗಳನ್ನು ತುಸು ಎಚ್ಚರದಿಂದ ಹಿಡಿಯಬೇಕು, ನಿಜ. ಆದರೆ ಅದರ ಒತ್ತು ಎಲ್ಲಿದೆ ಎಂಬುದರಲ್ಲಿ ಗೊಂದಲವಿಲ್ಲ. ಅದುವರೆಗೆ ನಾಟಕವೆಂದರೆ ತಾತ್ಸಾರವಿದ್ದ ಯುವಕ ಮುದಲಿಯಾರರನ್ನು ಅಲುಗಿಸಿದ್ದು ರಂಗದ ಮೇಲಿದ್ದವರು ಓದು ಬಲ್ಲವರು, ವಕೀಲರು, ಮರ್ಯಾದಸ್ಥರು ಎಂಬ ಸಂಗತಿ. ಅದೇ ವರ್ಷದ ಜುಲೈ 1ರಂದು ಆತ ಗೆಳೆಯರೊಡನೆ ಸುಗುಣ ವಿಲಾಸ ಸಭೆಯನ್ನು ಹುಟ್ಟುಹಾಕಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಮೇಲೆ ಆತ ಏನು ಮಾಡಿದರು ಎಂಬುದನ್ನು ಯಾರೂ ಸಾಕ್ಷ್ಯವಾಗಿ ಬಳಸಿದ್ದು ಕಾಣೆ. ಇಂಗ್ಲಿಷ್ ರಂಗದ ಮಾದರಿಯಲ್ಲಿ ತಮಿಳು ನಾಟಕವನ್ನು ತಿದ್ದಲು ಹೊರಟ ಮುದಲಿಯಾರರು ಗದ್ಯಸಂಭಾಷಣೆಯನ್ನು ಬೆಳೆಸಿ ಹಾಡನ್ನು ಇಳಿಸಿದರು. ಬಳ್ಳಾರಿಯವರ ಹಾಡು ಪಡುವಣದ ಹೊಸತಾಗಿದ್ದರೆ ಪಡುವಣದ ಆರಾಧಕನಾದ ಶಿಷ್ಯ ಅದನ್ನೇಕೆ ಕತ್ತರಿಸಬೇಕಿತ್ತು? ಆತನ ಕಣ್ಣಿಗೆ ನಟರ ಅಂತಸ್ತು ಹೊಸದು, ಹಾಡು ಹಳೆಯದು. ಆ ಕಾಲದ ನೋಡುಗನೊಬ್ಬ ತನ್ನ ನಡೆಯಿಂದಲೇ ಕೊಟ್ಟ ಈ ತೀರ್ಪಿಗೆ ಇಂದಿನ ಊಹೆಗಿಂತ ಹೆಚ್ಚು ತೂಕವಿದೆ.

ಹಳೆಯದೆಂದರೆ ಎಲ್ಲಿಯ ಹಳೆಯದು? ಇಲ್ಲಿ ನಕ್ಷೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಅನಂತಪುರವು ಬಳ್ಳಾರಿಯಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1882ರಲ್ಲಿ. ರಾಮಕೃಷ್ಣಮಾಚಾರ್ಯರು 1853ರಲ್ಲಿ ಧರ್ಮವರದಲ್ಲಿ ಹುಟ್ಟಿದಾಗ ಅಂಥ ಜಿಲ್ಲೆಯೇ ಇರಲಿಲ್ಲ. ರಾಯದುರ್ಗ ತಾಲ್ಲೂಕಂತೂ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯದೇ. ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಹೋದದ್ದು ಅಂದು. ಆಂಧ್ರದ ಮಡಕಶಿರಾದ ಮೂರು ಕಡೆ ಇಂದಿಗೂ ಕನ್ನಡನಾಡು. ಈ ಹರಹಿನಲ್ಲಿ ಮೂಡಲಪಾಯ ಬಯಲಾಟವೂ ತೆಲುಗು ಯಕ್ಷಗಾನವೂ ಒಂದೇ ಹಬ್ಬ, ಒಂದೇ ಅಟ್ಟವನ್ನು ಹಂಚಿಕೊಂಡವು. ಪಾತ್ರ ಬಂದು ಸಾರಥಿಗೆ ತನ್ನ ಹೆಸರು ಹೇಳಿ, ವಚನ ನುಡಿದು, ದರುವಿಗೆ ಏಳುತ್ತದೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಮತ್ತೆ ವಚನ. ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಹೊರಳುವ ಈ ಕ್ರಮವನ್ನು ಕಲಿಯಲು ರಾಯದುರ್ಗದವರು ಡೇಲೀಸ್ ಥಿಯೇಟರಿಗೆ ಹೋಗಬೇಕಿರಲಿಲ್ಲ. ಅಂಕದ ಪರದೆ, ಬಣ್ಣದ ದೃಶ್ಯಪಟ, ಪಕ್ಕದ ರೆಕ್ಕೆ, ಟಿಕೆಟ್ಟು ಇವೆಲ್ಲ ಯುರೋಪಿನವೇ, ಪಾರಸಿ ಕಂಪನಿಗಳ ಕೈಯಿಂದ ಬಂದವು. ಅದನ್ನು ಅಲ್ಲಗಳೆಯುವವರ ದೇಶಾಭಿಮಾನ ನನಗೆ ಬೇಡ. ಮಟ್ಟುಗಳಲ್ಲಿ ಪಾರಸಿಯವರ ಪಾಲು ಉಂಟೆಂದರೂ ಒಪ್ಪುತ್ತೇನೆ. ಚೌಕಟ್ಟಿನ ವಂಶಾವಳಿಯನ್ನು ಹಾಡಿಗೆ ಅಂಟಿಸುವುದಕ್ಕಷ್ಟೇ ನನ್ನ ತಕರಾರು. ರಾಮಕೃಷ್ಣಮಾಚಾರ್ಯರಲ್ಲಿ ಪಡುವಣ ನಿಜವಾಗಿ ಕಾಣುವುದು ‘ವಿಷಾದ ಸಾರಂಗಧರ’ದ ದುಃಖಾಂತದಲ್ಲಿ. ಅದು ಶೇಕ್ಸ್‌ಪಿಯರನ ಕಡೆಯ ಬಾಗಿಲು, ಲೆಹಾರನದಲ್ಲ.

ಕೋಲಾಚಲಂ ಅವರ ಪುಸ್ತಕದ ಮಾತು ಬೇಗ ಮುಗಿಯುತ್ತದೆ. ಲೋಕದ ರಂಗಚರಿತ್ರೆಯನ್ನು ಅಷ್ಟು ಓದಿಕೊಂಡವರು ತಮ್ಮ ನಾಟಕಕ್ಕೆ ಆರಿಸಿಕೊಂಡದ್ದು ಚಾಂದಬೀಬಿಯನ್ನು, ವಿಜಯನಗರದ ರಾಮರಾಯನನ್ನು. ಅವರ ರಾಮರಾಜು ಚರಿತ್ರೆಯಲ್ಲಿ ಪಠಾಣ ರುಸ್ತುಮನಾಗಿ ಹೆಸರು ಮಾಡಿದ ಬಳ್ಳಾರಿ ರಾಘವ, ರಾಮಕೃಷ್ಣಮಾಚಾರ್ಯರ ಸೋದರಳಿಯ, ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದರು. ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾನನ್ನು ಕಂಡುಬಂದರು.  ರಾಘವರ ಹೆಸರು ನಿಂತದ್ದು ಹಾಡಿನಿಂದಲ್ಲ, ಅಭಿನಯದಿಂದ. ಬಳ್ಳಾರಿಯಲ್ಲಿ ಪಡುವಣದ ಓದು ಆಳವಾದಷ್ಟೂ ಹಾಡು ಹಿಂದೆ ಸರಿಯಿತು. ಇದು ಪ್ರಭಾವವಾದಕ್ಕೆ ತೀರ ವಿರುದ್ಧವಾದ ದಿಕ್ಕು.

ತೆಲುಗಿನವರು ರಾಮಕೃಷ್ಣಮಾಚಾರ್ಯರನ್ನು ಆಂಧ್ರ ನಾಟಕ ಪಿತಾಮಹರೆಂದು ಗೌರವಿಸುತ್ತಾರೆ. ಅದರಲ್ಲಿ ಕಸಿದುಕೊಳ್ಳುವಂಥದ್ದೇನೂ ಇಲ್ಲ. ನಮ್ಮವರು ಆ ಬಿರುದನ್ನು ಕಂಡೊಡನೆ ಪುಟ ಮಗುಚಿ ಮುಂದೆ ಹೋದದ್ದೇ ತಪ್ಪಾಯಿತು. ಈ ಹಾಡಿನ ಬೇರಿಗೆ ಸಾಕ್ಷ್ಯ ಇನ್ನೂ ಗಡಿಯ ಮನೆಗಳಲ್ಲೇ ಇರಬಹುದು. ಗಡಿಯಲ್ಲಿ ಒಂದು ನುಡಿಯ ಪದವನ್ನು ಇನ್ನೊಂದರ ಲಿಪಿಯಲ್ಲಿ ಬರೆದಿಡುವುದು ಹಳೆಯ ರೂಢಿ. ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಬಯಲಾಟದ ಕೈಬರಹದ ಪುಸ್ತಕ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಎರಡೂ ಭಾಷೆ ಬಲ್ಲ ಒಬ್ಬರಿಗೆ ತೋರಿಸಿ.