ಲೋಣಾವಳಾವನ್ನು ಕಂಡುಹಿಡಿದವರು ಯಾರು?

ಲೋಣಾವಳಾದ ಬಗ್ಗೆ ಯಾವ ಪ್ರವಾಸಿ ಮಾಹಿತಿ ತೆಗೆದರೂ ಒಂದು ಸಾಲು ಸಿಗುತ್ತದೆ: 1871ರಲ್ಲಿ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಈ ಗಿರಿಧಾಮವನ್ನು ಕಂಡುಹಿಡಿದರಂತೆ. ಆ ಹೆಸರಿನ ಗವರ್ನರ್‌ಗಳು ಇಬ್ಬರಿದ್ದರು. ಒಬ್ಬರು 1859ರಲ್ಲಿ, ಇನ್ನೊಬ್ಬರು 1860ರಲ್ಲಿ ತೀರಿಕೊಂಡರು. ಅಲ್ಲದೆ 1863ರ ಹೊತ್ತಿಗೇ ಮುಂಬಯಿಯಿಂದ ರೈಲು ಭೋರ್ ಘಾಟಿ ಹತ್ತಿ ಇಲ್ಲಿಗೆ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಬಂದವರ ಹೆಸರು ವರದಿಯಲ್ಲಿ ಮೊದಲು ಬರುವುದು ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನಿಗೆ ಹೊಸದೇನಲ್ಲ.

ಘಾಟಿಯ ಕೆಲಸ ಶುರುವಾದದ್ದು 1856ರಲ್ಲಿ. 25 ಸುರಂಗಗಳು, ಕೆಲವೆಡೆ 37 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರುವ ದಾರಿ. 1859ರಲ್ಲಿ ಕೂಲಿ ಸರಿಯಾಗಿ ಕೈಸೇರದೆ ಕಾರ್ಮಿಕರು ದಂಗೆಯೆದ್ದರು. ಅದೇ ವರ್ಷ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಬಂದ ಕೆಲವೇ ದಿನಗಳಲ್ಲಿ ಸತ್ತರು. ಅವರ ಪತ್ನಿ ಆಲಿಸ್ ಗುತ್ತಿಗೆ ಬಿಡದೆ ಕೆಲಸ ಮುಂದುವರಿಸಿದರು. 1861ರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ದುಡಿಯುತ್ತಿದ್ದರು. ಕಾಲರಾಕ್ಕೆ ಬಲಿಯಾದವರು ಅಸಂಖ್ಯ. ಆ ಕೂಲಿಗಳ ಹೆಸರು ಯಾವ ಫಲಕದ ಮೇಲೂ ನನಗೆ ಕಂಡಿಲ್ಲ.

ಇಷ್ಟಾದ ಮೇಲೆ ಘಾಟಿಯ ನೆತ್ತಿಯಲ್ಲಿ ಒಂದು ಪುಟ್ಟ ಇಂಗ್ಲಿಷ್ ಹಳ್ಳಿ ಬೆಳೆಯಿತು. ಘಾಟಿ ಹತ್ತಲು ಹೆಚ್ಚುವರಿ ಎಂಜಿನ್ ಬೇಕು, ಇಳಿಯಲು ಗಟ್ಟಿ ಬ್ರೇಕ್ ಬೇಕು. ಆದ್ದರಿಂದ ರೈಲ್ವೆಯ ಎಂಜಿನ್ ಕಾರ್ಖಾನೆ ಇಲ್ಲೇ ನೆಲೆಯೂರಿತು. ಅದರ ಜೊತೆಗೆ ಪ್ರಾಟೆಸ್ಟಂಟರಿಗೊಂದು, ಕ್ಯಾಥೊಲಿಕರಿಗೊಂದು ಚರ್ಚು, ಮಕ್ಕಳಿಗೆ ಶಾಲೆ, ಸಹಕಾರಿ ಅಂಗಡಿ, ಫ್ರೀಮೇಸನ್ನರ ಲಾಡ್ಜ್. ಈ ಪಟ್ಟಿ ಓದಿದಾಗ ನನಗೆ ನಮ್ಮದೇ ಪಟ್ಟಿ ನೆನಪಾಗುತ್ತದೆ: ಪುಣೆಯಲ್ಲಿ ಕನ್ನಡ ಸಂಘ, ಕನ್ನಡ ಶಾಲೆ, ಗಣೇಶನ ಹಬ್ಬಕ್ಕೊಂದು ನಾಟಕ, ಊರಿನಿಂದ ಬರುವ ಜೋಳದ ರೊಟ್ಟಿಯ ಕಟ್ಟು. ಊರು ಬಿಟ್ಟವರು ಎಲ್ಲಿ ಹೋದರೂ ಮೊದಲು ಕಟ್ಟಿಕೊಳ್ಳುವುದು ಇವನ್ನೇ. ವ್ಯತ್ಯಾಸ ಒಂದೇ. ಅವರು ಆಳುವವರ ಕಡೆಯವರು, ಮರಾಠಿ ಕಲಿಯದೆಯೂ ಬದುಕು ನಡೆಯುತ್ತಿತ್ತು. ನಾವು ಹಾಗೆ ಬದುಕಬೇಕಿಲ್ಲ, ಬದುಕಲೂಬಾರದು.

ಆ ಹಳ್ಳಿಯ ಬುಡ ಅಲುಗಿಸಿದ್ದು ಕ್ರಾಂತಿಗಿಂತ ಮೊದಲು ತಂತ್ರಜ್ಞಾನ. ಲೋಣಾವಳಾದ ಮಳೆನೀರನ್ನು ಕೆರೆಗಳಲ್ಲಿ ಹಿಡಿದು, ಕೆಳಗಿನ ಖೋಪೋಲಿಗೆ ಧುಮುಕಿಸಿ ಟಾಟಾ ಕಂಪನಿ 1915ರಲ್ಲಿ ಮುಂಬಯಿಗೆ ವಿದ್ಯುತ್ ಕೊಟ್ಟಿತು. 1929ರ ಹೊತ್ತಿಗೆ ಘಾಟಿಯ ರೈಲೂ ವಿದ್ಯುತ್ತಿಗೆ ಬದಲಾಯಿತು. ಉಗಿ ಎಂಜಿನ್ನಿನ ಕಸುಬನ್ನೇ ನಂಬಿದ ಊರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕೇ? ನಮ್ಮ ಕೋಲಾರದ ಚಿನ್ನದ ಗಣಿಯೂ ‘ಲಿಟಲ್ ಇಂಗ್ಲೆಂಡ್’ ಅನ್ನಿಸಿಕೊಂಡಿತ್ತು. ಅದರ ಗಣಿ 2001ರಲ್ಲಿ ಮುಚ್ಚಿತು. ಒಂದೇ ಕೆಲಸಕ್ಕಾಗಿ ಹುಟ್ಟಿದ ಊರುಗಳ ಪಾಡು ಇದು. ಹಿಂಜವಡಿಯ ಗಾಜಿನ ಕಟ್ಟಡಗಳಲ್ಲಿ ಕೂತ ನಾವು ಇದನ್ನು ದೂರದ ಕಥೆ ಎಂದುಕೊಳ್ಳುವಂತಿಲ್ಲ.

ಹಾಗಾದರೆ ವಲಸೆ ಬಂದವನದು ಏನು ಉಳಿಯುತ್ತದೆ? ಲೋಣಾವಳಾದಿಂದ ಹತ್ತು ಕಿಲೋಮೀಟರಿನಷ್ಟು ದೂರದ ಕಾರ್ಲೆ ಗುಹೆಯ ಮುಂಭಾಗದಲ್ಲಿ ಒಂದು ಬ್ರಾಹ್ಮಿ ಶಾಸನವಿದೆ. ವೈಜಯಂತಿಯ ಸೆಟ್ಟಿ ಭೂತಪಾಲ ಎಂಬಾತ ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದ ಎಂಬುದು ಅದರ ಸಾರ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುವುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಕಡೆಯವನೊಬ್ಬ ಇಲ್ಲಿಗೆ ಬಂದ, ಇಲ್ಲಿನವರೂ ಬಳಸುವಂಥದ್ದಕ್ಕೆ ದುಡ್ಡು ಕೊಟ್ಟ, ತನ್ನ ಹೆಸರಿನ ಮುಂದೆ ತನ್ನೂರಿನ ಹೆಸರನ್ನೂ ಬರೆಸಿದ. ಈ ಜಾಗವನ್ನು ತಾನು ಕಂಡುಹಿಡಿದೆ ಎಂದು ಮಾತ್ರ ಬರೆಸಲಿಲ್ಲ. ಮುಂದಿನ ಸಲ ಚಿಕ್ಕಿ ಕೊಳ್ಳಲು ಲೋಣಾವಳಾಕ್ಕೆ ಹೋದವರು ಕಾರ್ಲೆಯ ಮೆಟ್ಟಿಲನ್ನೂ ಹತ್ತಿ ಬನ್ನಿ.