ಮೈಸೂರು ಸೀಮೆಯ ಯುದ್ಧಪದಕ ಸಂಗ್ರಹ

ಮೈಸೂರು ಸೀಮೆಯ ಯುದ್ಧಪದಕಗಳ ಬೆನ್ನುಹತ್ತಿದವರು ಮೊದಲು ಬರಬೇಕಾದದ್ದು ಚಾಮರಾಜಪೇಟೆಯ ಮಗ್ಗುಲಲ್ಲಿರುವ ಬೆಂಗಳೂರು ಕೋಟೆಗೆ. 1791ರ ಮಾರ್ಚ್ 21ರಂದು ಅದು ಕಾರ್ನ್‌ವಾಲಿಸನ ವಶವಾಯಿತು. 1791-92ರ ಮೈಸೂರು ಯುದ್ಧಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ತನ್ನ ದೇಶೀ ಪಡೆಗಳಿಗೆ ಪದಕ ಕೊಟ್ಟಿತು: ಸುಬೇದಾರರಿಗೆ ಚಿನ್ನದ್ದು, ಕೆಳಗಿನವರಿಗೆ ಬೆಳ್ಳಿಯದು. 

ಗೊಂದಲ ಹೆಚ್ಚಿರುವುದು 1799ರ ಶ್ರೀರಂಗಪಟ್ಟಣ ಪದಕದ ಸುತ್ತ. ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ನೆಲಕ್ಕೆ ಕೆಡವಿದೆ. ಹುಲಿ ಟಿಪ್ಪುವಿನ ಲಾಂಛನ. ಮೇಲೆ ಅರಬ್ಬಿ ಬರಹದ ಬಾವುಟ, ಕೆಳಗೆ ರೋಮನ್ ಅಂಕಿಗಳಲ್ಲಿ ಕೋಟೆ ಬಿದ್ದ ಮೇ 4ರ ತಾರೀಖು. ಇನ್ನೊಂದು ಮುಖದಲ್ಲಿ ಬಿರುಕುಬಿಟ್ಟ ಕೋಟೆಗೆ ನುಗ್ಗುವ ಸೈನ್ಯ. ವಿನ್ಯಾಸ ಕುಖ್ಲರ್‌ನದು, ಅಚ್ಚಾದದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ. ಚಿನ್ನ, ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಹುದ್ದೆಗೆ ತಕ್ಕ ಲೋಹ. ಸಾಮಾನ್ಯ ಸಿಪಾಯಿಯ ಪಾಲಿಗೆ ಬಂದದ್ದು ತವರ. ಕಲ್ಕತ್ತೆಯಲ್ಲೂ ಇದರ ನಕಲು ಅಚ್ಚಾಯಿತು. ಸೋಹೋದ್ದು 48 ಮಿಲಿಮೀಟರ್, ಕಲ್ಕತ್ತೆಯದು 45. ಹಾಗಾಗಿ ಸಂಗ್ರಾಹಕ ಮೊದಲು ಕೈಗೆತ್ತಿಕೊಳ್ಳುವುದು ಅಳತೆಪಟ್ಟಿಯನ್ನು.

ಅಳತೆ ತಾಳೆಯಾದರೂ ಪದಕ ಯಾರದೆಂಬುದು ತಿಳಿಯುವುದಿಲ್ಲ. ಕಂಪನಿ ಪಡೆದವರ ಹೆಸರು ಹಾಕಿಸಲಿಲ್ಲ, ಕೊಂಡಿ, ರಿಬ್ಬನ್ನನ್ನೂ ಕೊಡಲಿಲ್ಲ. ಕೊಂಡಿಯಿದ್ದರೆ ಅದು ಪಡೆದವರೋ ಆಮೇಲಿನವರೋ ಹಾಕಿಸಿದ್ದು. ಕೆತ್ತಿದ ಹೆಸರೂ ಹಾಗೆಯೇ. ಹೆಸರೊಂದನ್ನೇ ನಂಬಿ ವಂಶಾವಳಿ ಕಟ್ಟುವಂತಿಲ್ಲ.

ಮೊದಲ ಮಹಾಯುದ್ಧದ ಪದಕಗಳು ಈ ಮಾತಿನಲ್ಲಿ ಉದಾರ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಆ ಯುದ್ಧದ ಪದಕಗಳ ಅಂಚಿನಲ್ಲಿ ಸವಾರನ ಸಂಖ್ಯೆ, ಹೆಸರು, ದಳ ಮೂರೂ ಅಚ್ಚಾಗಿರುತ್ತವೆ. ಉಜ್ಜಿ ಹೊಳಪು ಕೊಡುವ ಗೀಳು ಅಳಿಸುವುದು ಈ ಸಾಲನ್ನೇ, ಅದು ಹೋದರೆ ಚರಿತ್ರೆಯೇ ಹೋದಂತೆ. ಬ್ರಿಟಿಷ್ ಯುದ್ಧಪದಕ ಬೆಳ್ಳಿಯದಾದ್ದರಿಂದ ಬೆಳ್ಳಿ ದರ ಏರಿದಾಗ ಎಷ್ಟೋ ಪದಕಗಳು ಕರಗಿದವು. ಹಿಂಬಾಲಕ ದಳದ ಕೂಲಿಗಳಿಗೆ ಕೊಟ್ಟ ಕಂಚಿನವು ಕುಲುಮೆಗೆ ಆಸೆ ಹುಟ್ಟಿಸಲಿಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಮಾಡಿತು, ಸೈನಿಕ ಮನ್ನಣೆಗಳನ್ನು ಮಾತ್ರ ಮುಟ್ಟಲಿಲ್ಲ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು.

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತು ಪುರಾವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಶ್ರೀರಂಗಪಟ್ಟಣದ ಪದಕ ಮೊದಲಿನಿಂದಲೂ ಈ ವ್ಯಾಪ್ತಿಯಲ್ಲಿತ್ತು. 1919ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಯುದ್ಧಪದಕದ ಮೊದಮೊದಲ ಪ್ರತಿಗಳು ಈಗಷ್ಟೇ ನೂರು ದಾಟಿ ಆ ಸಾಲಿಗೆ ಬಂದಿವೆ.