ನೀಲಿ ಮಸಿ

ನಮ್ಮ ಭಾಷೆಯ ಲೆಕ್ಕದಲ್ಲಿ ನೀಲಿ ಶಾಯಿ ಎಂಬುದು ಇರಲಾರದು. 'ಮಸಿ' ಎಂದರೆ ಕಾಡಿಗೆ, ದೀಪದ ಕುಡಿಯಿಂದ ಹಿಡಿದ ಕಪ್ಪು. 'ಶಾಯಿ' ಎಂಬುದೋ ಪಾರಸಿಯ 'ಸಿಯಾಹಿ' ಹಲವು ಬಾಯಿ ದಾಟಿ ನಮ್ಮಲ್ಲಿಗೆ ಬಂದ ರೂಪ. ಅದರ ಅರ್ಥವೂ ಕಪ್ಪೆಂದೇ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ನಮ್ಮ ಹಿರಿಯರು ತೀಡಿದ್ದು ಕಪ್ಪನ್ನೇ. ಕಡತದಲ್ಲಿ ಮಾತ್ರ ವ್ಯವಹಾರ ತಿರುವುಮುರುವು: ಕಪ್ಪು ಬಟ್ಟೆಯ ಮೇಲೆ ಬಿಳಿಯ ಬಳಪ. ಹೀಗಿದ್ದೂ ಇಂದು ಫೌಂಟನ್ ಪೆನ್ನು ಎಂದೊಡನೆ ಕಣ್ಣಿಗೆ ಕಟ್ಟುವ ಬಣ್ಣ ನೀಲಿ. ಇದು ಎಲ್ಲಿಂದ ಬಂತು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಊರಿನ ಮನೆಯ ಅಟ್ಟದಲ್ಲಿ. ಹೋದ ಮಳೆಗಾಲದಲ್ಲಿ ಹೆಂಚು ಸೋರಿ ಅಲ್ಲಿದ್ದ ತಗಡಿನ ಪೆಟ್ಟಿಗೆಯೊಳಕ್ಕೆ ನೀರಿಳಿದಿತ್ತು. ಅದರಲ್ಲಿ ಎರಡು ಪುಸ್ತಕಗಳಿದ್ದುವು. ಒಂದು, ತಾತ 1930ರ ದಶಕದಲ್ಲಿ ಬರೆದ ಜಮೀನಿನ ಲೆಕ್ಕ. ಇನ್ನೊಂದು, ಅಮ್ಮ ತನ್ನ ಅತ್ತೆಯ ಬಾಯಿಂದ ಕೇಳಿ 1980ರ ಸುಮಾರಿಗೆ ಬರೆದುಕೊಂಡಿದ್ದ ಹಸೆಯ ಹಾಡು, ಆರತಿಯ ಹಾಡು. ಎರಡೂ ಒಂದೇ ಸಮನೆ ನೆನೆದಿದ್ದುವು. ತಾತನ ಪುಸ್ತಕದಲ್ಲಿ ಆಣೆ ಕಾಸುಗಳೂ ಓದಲು ಬರುತ್ತಿವೆ. ಅಮ್ಮನ ಪುಸ್ತಕದಲ್ಲಿ ಪುಟಪುಟವೂ ತಿಳಿನೀಲಿಯ ಮೋಡ. ನಡುನಡುವೆ ಆಕೆ ಪೆನ್ಸಿಲಿನಲ್ಲಿ ತಿದ್ದಿದ್ದ ಪದಗಳಷ್ಟೇ ತೇಲಿಕೊಂಡು ನಿಂತಿವೆ. ಮನೆಯವರಿಗೆ ಬೇಕಾಗಿದ್ದುದು ಹಾಡು. ಉಳಿದದ್ದು ರಾಗಿಯ ಲೆಕ್ಕ. ಅಮ್ಮ ಈಗಿಲ್ಲ.

ತಾತ ಬಳಸಿದ್ದು ಕರಿನೀಲಿ ಶಾಯಿ, ಅಂಗಡಿಯವರ ಮಾತಿನ 'ಬ್ಲೂ ಬ್ಲ್ಯಾಕ್'. ಅದರ ಕಥೆ ನೀಲಿಯಿಂದಲ್ಲ, ಕಪ್ಪಿನಿಂದಲೇ ಆರಂಭವಾಗುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯುತ್ತಿದ್ದುದು ಮಾಚಿಕಾಯಿಯ ಒಗರು, ಅನ್ನಭೇದಿ, ಗೋಂದು ಇವುಗಳನ್ನು ನೀರಿನಲ್ಲಿ ಕಲಸಿದ ಶಾಯಿಯಿಂದ. ಇದು ಹೊಸದಾಗಿದ್ದಾಗ ಬಲು ಪೇಲವ. ಗಾಳಿಯ ಆಮ್ಲಜನಕ ತಾಗಿದ ಮೇಲೆ ಇದರೊಳಗಿನ ಕಬ್ಬಿಣ ಒಗರಿನೊಡನೆ ಕೂಡಿ ನೀರಿಗೆ ಕರಗದ ಕಪ್ಪಾಗುತ್ತದೆ. ಬರೆಯುವಾಗ ಕಾಣಲಿ ಎಂದು ಶಾಯಿಯನ್ನು ಮೊದಲೇ ಗಾಳಿಗಿಟ್ಟು ಕಪ್ಪು ಮಾಡಿಕೊಂಡರೆ ಗಸಿ ತಳಕ್ಕಿಳಿಯುತ್ತದೆ, ಲೇಖನಿ ಕಟ್ಟಿಕೊಳ್ಳುತ್ತದೆ. ಹಾಗೆಯೇ ಬರೆದರೆ ಬರೆದವನಿಗೇ ತಾನು ಬರೆದದ್ದು ಕಾಣದು.

ಈ ಇಕ್ಕಟ್ಟಿಗೆ ದಾರಿ ಮಾಡಿದವರಲ್ಲಿ ಪ್ರಮುಖನು ಲಂಡನ್ನಿನ ವೈದ್ಯ ಹೆನ್ರಿ ಸ್ಟೀಫನ್ಸ್. ವಿದ್ಯಾರ್ಥಿ ದೆಸೆಯಲ್ಲಿ ಈತ ಕವಿ ಕೀಟ್ಸನೊಡನೆ ಒಂದೇ ಬಿಡಾರದಲ್ಲಿದ್ದವನು. ಇಬ್ಬರೂ ವೈದ್ಯ ಕಲಿತರು. ಒಬ್ಬ ಕಾವ್ಯಕ್ಕೆ ಹೋದ, ಇನ್ನೊಬ್ಬ ಶಾಯಿಗೆ. 1832ರಲ್ಲಿ ಸ್ಟೀಫನ್ಸ್ ಮಾರಾಟಕ್ಕೆ ತಂದ ಕರಿನೀಲಿ ಶಾಯಿಯ ಮರ್ಮ ಸರಳವಾದದ್ದು. ಶಾಯಿ ಕುಪ್ಪಿಯಲ್ಲಿ ಕಪ್ಪಾಗದೆ ತಿಳಿಯಾಗಿಯೇ ಇರಲಿ, ಕಪ್ಪಾಗುವುದು ಕಾಗದದ ನಾರಿನೊಳಗೆ ಇಳಿದ ಮೇಲೆ ಆಗಲಿ. ಅಲ್ಲಿಯವರೆಗೆ ಕಣ್ಣಿಗೆ ಕಾಣಲು ಒಂದಿಷ್ಟು ನೀಲಿ ಬೆರೆತಿರಲಿ. ಅಂದರೆ ನೀಲಿ ಬಂದದ್ದು ಕಪ್ಪಿನ ಪ್ರತಿನಿಧಿಯಾಗಿ. ಯಜಮಾನ ಬರುವತನಕ ಅಂಗಡಿಯಲ್ಲಿ ಕುಳಿತ ಗುಮಾಸ್ತನ ಹಾಗೆ.

ಈ ಗುಮಾಸ್ತನೂ ನಮ್ಮ ಕಡೆಯವನೇ. ಆ ಕಾಲಕ್ಕೆ ಇಂಗ್ಲೆಂಡಿನ ಮಾರುಕಟ್ಟೆಗೆ ಗಿಡದ ನೀಲಿಯನ್ನು ಮುಖ್ಯವಾಗಿ ಒದಗಿಸುತ್ತಿದ್ದುದು ಬಂಗಾಳ. ನೀಲಿ ಬೆಳೆಯೆಂದು ಬಲವಂತ ಮಾಡಿದ ತೋಟದ ದೊರೆಗಳ ವಿರುದ್ಧ ಅಲ್ಲಿನ ರೈತರು 1859ರಲ್ಲಿ ಎದ್ದರು. ದೀನಬಂಧು ಮಿತ್ರರ 'ನೀಲದರ್ಪಣ' ನಾಟಕ ಮರುವರ್ಷ ಬಂತು. ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು 1917ರಲ್ಲಿ. ಅಷ್ಟರೊಳಗೆ ಜರ್ಮನರು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು (1897) ಇಪ್ಪತ್ತು ವರ್ಷಗಳಾಗಿದ್ದುವು.

ಇದೇ ರಸಾಯನಶಾಸ್ತ್ರವು ಶಾಯಿಯ ಗುಮಾಸ್ತನನ್ನು ಯಜಮಾನನನ್ನಾಗಿ ಮಾಡಿತು. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲ ಟಾರಿನ ಪದಾರ್ಥದಿಂದ ನೇರಿಳೆ ಬಣ್ಣ ತೆಗೆದ ಮೇಲೆ ಸಾಲುಸಾಲಾಗಿ ಕೃತಕ ಬಣ್ಣಗಳು ಬಂದುವು. ನೀರಿನಲ್ಲಿ ಸೊಗಸಾಗಿ ಕರಗುವ ಹೊಳಪಿನ ನೀಲಿಗಳೂ ಬಂದುವು. 1884ರಲ್ಲಿ ವಾಟರ್‌ಮನ್ ಅಮೆರಿಕದಲ್ಲಿ ತನ್ನ ಫೌಂಟನ್ ಪೆನ್ನಿಗೆ ಹಕ್ಕುಪತ್ರ ಪಡೆದ. ಈ ಪೆನ್ನಿನ ಗಂಟಲು ಕೂದಲೆಳೆಯಷ್ಟು ಸಣ್ಣದು. ಕಬ್ಬಿಣದ ಶಾಯಿ ಒಣಗಿದರೆ ಕಟ್ಟಿಕೊಳ್ಳುತ್ತದೆ, ಅದರ ಹುಳಿ ಉಕ್ಕಿನ ಮುಳ್ಳನ್ನು ತಿನ್ನುತ್ತದೆ. ಬರಿಯ ಬಣ್ಣದ ನೀರಿಗೆ ಇಂಥ ಉಪದ್ರವವಿಲ್ಲ. 1931ರಲ್ಲಿ ಪಾರ್ಕರ್ ಕಂಪೆನಿಯ 'ಕ್ವಿಂಕ್' ಬಂತು. ಅದರಲ್ಲಿ ಶಾಶ್ವತ ಬಣ್ಣಗಳೂ ಇದ್ದುವು, ತೊಳೆದರೆ ಹೋಗುವ ನೀಲಿಯೂ ಇತ್ತು. ತೊಳೆದರೆ ಹೋಗುವುದು ಇಲ್ಲಿ ದೋಷವಲ್ಲ, ಗುಣ! ಅಂಗಿಯ ದೃಷ್ಟಿಯಿಂದ ಇದು ನಿಜ. ಅಕ್ಷರದ ದೃಷ್ಟಿಯಿಂದ ಕೇಳಿದವರು ಕಡಮೆ.

ಇತ್ತ ನಮ್ಮಲ್ಲಿ ಸ್ವದೇಶಿಯ ಹೋರಾಟದ ಪತ್ರವನ್ನೂ ಪರದೇಶದ ಶಾಯಿಯಲ್ಲಿ ಬರೆಯಬೇಕಾದ ಸಂಕೋಚವಿತ್ತು. ಬಂಗಾಳದ ರಸಾಯನಜ್ಞ ಸತೀಶಚಂದ್ರ ದಾಸಗುಪ್ತರು 'ಕೃಷ್ಣಧಾರಾ' ಎಂಬ ಶಾಯಿ ಮಾಡಿದರು. ಬಳಿಕ 1934ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಾಜಶಾಹಿಯಲ್ಲಿ ಮೈತ್ರ ಸೋದರರು ಆರಂಭಿಸಿದ್ದೇ 'ಸುಲೇಖಾ'. ಕಲ್ಕತ್ತೆಯ ಜಾದವಪುರದಲ್ಲಿ ಒಂದು ಕೂಡುರಸ್ತೆಗೇ ಅದರ ಹೆಸರು ನಿಂತಿದೆ. 1980ರ ದಶಕದ ಕೊನೆಯಲ್ಲಿ ಕಾರ್ಖಾನೆ ಮುಚ್ಚಿತು. ಶಾಯಿ ಮತ್ತೆ ಕುಪ್ಪಿಗೆ ಬಂದದ್ದು 2020ರಲ್ಲಿ.

ಹಳೆಯ ಕರಿನೀಲಿಯ ಉಪಾಯ ನಮ್ಮ ಮೈಸೂರಿನಲ್ಲೂ ಬೇರೊಂದು ವೇಷದಲ್ಲಿ ಜೀವಂತವಾಗಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿದೆ. ಹಚ್ಚಿದಾಗ ಕಾಣುವ ನೇರಿಳೆ ಆ ಗಳಿಗೆಯ ತೋರಿಕೆ. ಬೆಳಕು ಬಿದ್ದ ಮೇಲೆ ಅದರೊಳಗಿನ ಬೆಳ್ಳಿಯ ಲವಣ ಕಪ್ಪಾಗಿ ವಾರಗಟ್ಟಲೆ ನಿಲ್ಲುತ್ತದೆ.

ಇಷ್ಟು ತಿಳಿದ ಮೇಲೆ ಪರೀಕ್ಷೆ ಮಾಡದೆ ಇರಲಾದೀತೆ? ಮೂರು ಕುಪ್ಪಿ ತಂದೆ: ಒಂದು ಹೊಳೆಯುವ ನೀಲಿ, ಒಂದು ಚೀಟಿಯ ಮೇಲೆ ಕರಿನೀಲಿ ಎಂದು ಬರೆದದ್ದು, ಇನ್ನೊಂದು ನಿಜವಾಗಿಯೂ ಕಬ್ಬಿಣವಿರುವುದು. ಒಂದೇ ಹಾಳೆಯಲ್ಲಿ ಮೂರರಿಂದಲೂ ಬರೆದು ಎರಡು ದಿನ ಬಿಟ್ಟು ನೀರಿನಲ್ಲಿ ಅದ್ದಿದೆ. ಮೊದಲನೆಯದು ಅಮ್ಮನ ಪುಸ್ತಕವೇ ಆಯಿತು. ಎರಡನೆಯದು ಹೆಸರಿಗೆ ಮಾತ್ರ ಕರಿನೀಲಿ. ಅದೂ ಬರಿಯ ಬಣ್ಣದ ನೀರು, ಬೂದುಗಲೆ ಬಿಟ್ಟು ಹೊರಟುಹೋಯಿತು. ಮೂರನೆಯದರಿಂದಲೂ ನೀಲಿ ಹೊಗೆಯಂತೆ ಎದ್ದು ನೀರಿಗೆ ಹೋಯಿತು. ಆದರೆ ಹಿಂದೆ ಕಪ್ಪು ಗೆರೆ ಅಲುಗದೆ ನಿಂತಿತ್ತು.

ಈ ಶಾಯಿಗೂ ಶಾಪವುಂಟೆನ್ನಬೇಕು. ತಾತ ಮೊತ್ತದ ಕೆಳಗೆ ದಪ್ಪನಾಗಿ ಗೀಟೆಳೆದ ಕಡೆಯಲ್ಲೆಲ್ಲ ಹುಳಿ ತಿಂದು ಕಾಗದ ಬಿರುಕು ಬಿಟ್ಟಿದೆ. ಈಗಿನ ತಯಾರಿಕೆಗಳು ಅಷ್ಟು ತೀಕ್ಷ್ಣವಲ್ಲ. ಆದರೂ ಪೆನ್ನನ್ನು ಆಗಾಗ ತೊಳೆಯಬೇಕು. ವಾರಗಟ್ಟಲೆ ತುಂಬಿಟ್ಟು ಮರೆಯುವವರಿಗೆ ಇದು ತಕ್ಕುದಲ್ಲ.

ಅಮ್ಮನ ಪುಸ್ತಕದಲ್ಲಿ ಉಳಿದ ಪೆನ್ಸಿಲಿನ ಪದಗಳನ್ನು ಪುಟದ ಸಂಖ್ಯೆ ಸಹಿತ ಪಟ್ಟಿ ಮಾಡಿಕೊಂಡಿದ್ದೇನೆ. ಚಿಕ್ಕಮ್ಮನಿಗೆ ಹಸೆಯ ಹಾಡು ಕೆಲವು ಬರುತ್ತವೆ. ಒಂದು ಪದ ಹೇಳಿದರೆ ಉಳಿದ ಸಾಲು ತಾನಾಗಿ ಬಾಯಿಗೆ ಬರುತ್ತದೆ ಎನ್ನುತ್ತಾರೆ. ಬರುವ ಭಾನುವಾರ ಮೂರನೆಯ ಕುಪ್ಪಿಯನ್ನು ತೆಗೆದುಕೊಂಡು ಅವರ ಮನೆಗೆ ಹೋಗುತ್ತೇನೆ.